150 ಚೌಕಗಳು: ರಿಕಿ ಕಾರ್ಮೈಕಲ್ ಚಾರ್ಟ್ ಎಲ್ಲಿಗೆ ಬಂತು

ಮೊದಲ ದಿನ

ಉದ್ದದ ಪೇಪರ್ ರೋಲ್ ನೆಲದ ಮೇಲೆ ಹಾಸಿದೆ. ಮೂಲೆಗಳು ಸುರುಳಿ ಸುತ್ತದ ಹಾಗೆ ಪುಸ್ತಕ ಇಟ್ಟು ಗೆರೆ ಎಳೆಯಲು ಕೂತೆ. ಅಮೆರಿಕದ ಡರ್ಟ್ ಬೈಕ್ ರೇಸರ್ ರಿಕಿ ಕಾರ್ಮೈಕಲ್‌ನ ಇಡೀ ರೇಸಿಂಗ್ ಬದುಕನ್ನು ಒಂದೇ ಹಾಳೆಯ ಮೇಲೆ ನೋಡಬೇಕು ಅನ್ನೋದು ನನ್ನ ಬಹಳ ದಿನದ ಆಸೆ. ಅಂಕಿ ಸಂಖ್ಯೆ ಎಲ್ಲ ಬಾಯಿಪಾಠ ಇದೆ. ಆದರೆ ಬಾಯಿಗೆ ಬರೋದು ಬೇರೆ, ಕಣ್ಣಿಗೆ ಕಾಣೋದು ಬೇರೆ.

ಲೆಕ್ಕ ಹೀಗಿದೆ. ಅಮೆರಿಕದ ಎಎಂಎ (ಅಲ್ಲಿನ ಮೋಟಾರ್‌ಸೈಕಲ್ ಸಂಸ್ಥೆ) ರೇಸ್‌ಗಳಲ್ಲಿ ಅವನ ಗೆಲುವು 150. ಮೋಟೊಕ್ರಾಸ್‌ನಲ್ಲಿ 102, ಸೂಪರ್‌ಕ್ರಾಸ್‌ನ ದೊಡ್ಡ ಕ್ಲಾಸ್‌ನಲ್ಲಿ 48. ಒಂದು ಗೆಲುವಿಗೆ ಒಂದು ಚೌಕ. ಮೇಲಿನ ಸಾಲು ಮೋಟೊಕ್ರಾಸ್‌ದು, ಕೆಳಗಿನ ಸಾಲು ಸೂಪರ್‌ಕ್ರಾಸ್‌ದು. ಎಡತುದಿ 1997, ಬಲತುದಿ 2007. ಬಣ್ಣ ಬೈಕಿಗೆ ತಕ್ಕಂತೆ: ಕಾವಾಸಾಕಿಗೆ ಹಸಿರು, ಹೋಂಡಾಗೆ ಕೆಂಪು, ಸುಜುಕಿಗೆ ಹಳದಿ.

ಎರಡು ಸಾಲು ಯಾಕೆ ಅಂತ ಕೇಳಿದವರಿಗೆ ಒಂದು ಮಾತು. ಮೋಟೊಕ್ರಾಸ್ ಬಯಲಿನ ಆಟ. ಗುಡ್ಡ, ಇಳಿಜಾರು, ಮರಳು, ಕೆಸರು, ಬೇಸಿಗೆಯ ಬಿಸಿಲು. ಒಂದೇ ದಿನ ಎರಡು ಮೋಟೊ, ಅಂದರೆ ಎರಡು ರೇಸ್ ಓಡಬೇಕು, ಒಂದೊಂದೂ 30 ನಿಮಿಷ, ಅದರ ಮೇಲೆ ಎರಡು ಲ್ಯಾಪ್. ಸೂಪರ್‌ಕ್ರಾಸ್ ಸ್ಟೇಡಿಯಂ ಒಳಗಿನ ಆಟ. ಲಾರಿಗಳಲ್ಲಿ ಮಣ್ಣು ತಂದು ಸುರಿದು ಟ್ರ್ಯಾಕ್ ಕಟ್ಟುತ್ತಾರೆ. ಜಂಪ್ ಆದ ಕೂಡಲೇ ಇನ್ನೊಂದು ಜಂಪ್, ಆಮೇಲೆ ಸಾಲಾಗಿ ವೂಪ್ಸ್ ಅನ್ನೋ ಮಣ್ಣಿನ ಉಬ್ಬುಗಳು. ಆಗಿನ ಕಾಲಕ್ಕೆ ಮೇನ್ ಈವೆಂಟ್, ಅಂದರೆ ರಾತ್ರಿಯ ಫೈನಲ್ ರೇಸ್, 20 ಲ್ಯಾಪ್. ಒಂದರಲ್ಲಿ ದಮ್ಮು ಬೇಕು, ಇನ್ನೊಂದರಲ್ಲಿ ತೂಕ ತಪ್ಪದ ಲೆಕ್ಕಾಚಾರ ಬೇಕು. ಎರಡರಲ್ಲೂ ಸಮನಾಗಿ ಗೆದ್ದವರು ಬಹಳ ಕಡಿಮೆ.

ಮೂರನೇ ದಿನ

ಹಸಿರು ಪೆನ್ಸಿಲ್ ಅರ್ಧ ಸವೆಯಿತು. 1997ರಲ್ಲಿ ಅವನಿಗೆ 17 ವರ್ಷ. ಫ್ಲೋರಿಡಾದ ಹವಾನಾ ಅನ್ನೋ ಸಣ್ಣ ಊರಿನಲ್ಲಿ ಬೆಳೆದ, ಗಿಡ್ಡ, ಗಟ್ಟಿಮುಟ್ಟಾದ ಕೆಂಚುಗೂದಲಿನ ಹುಡುಗ. ಪ್ರೋ ಸರ್ಕ್ಯೂಟ್ ಕಾವಾಸಾಕಿ ತಂಡದ 125 ಸಿಸಿ ಬೈಕ್ ಹತ್ತಿ ಮೊದಲ ಪೂರ್ತಿ ಸೀಸನ್‌ನಲ್ಲೇ ರಾಷ್ಟ್ರೀಯ ಪ್ರಶಸ್ತಿ ಗೆದ್ದ. 1998ರಲ್ಲಿ ಮತ್ತೆ, 1999ರಲ್ಲಿ ಮತ್ತೆ. 125 ಕ್ಲಾಸ್‌ನಲ್ಲೇ 26 ಚೌಕ.

1998ರಲ್ಲಿ 125 ಈಸ್ಟ್ (ಪೂರ್ವ ವಲಯದ) ಸೂಪರ್‌ಕ್ರಾಸ್ ಪ್ರಶಸ್ತಿಯೂ ಅವನದೇ. ಆದರೆ ಆ ಗೆಲುವುಗಳು 48ರ ಲೆಕ್ಕಕ್ಕೆ ಬರೋದಿಲ್ಲ, ಅದು ಚಿಕ್ಕ ಕ್ಲಾಸ್. ಬಿಟ್ಟುಬಿಡಲು ಮನಸ್ಸು ಬರಲಿಲ್ಲ. ಅಂಚಿನಲ್ಲಿ ಸಣ್ಣ ಚುಕ್ಕಿಗಳಾಗಿ ಇಟ್ಟೆ.

ಐದನೇ ದಿನ

ಇವತ್ತು ಕೈಗೆ ಕೆಲಸ ಕಡಿಮೆ, ತಲೆಗೆ ಜಾಸ್ತಿ. 1999ರಲ್ಲಿ ದೊಡ್ಡ ಕ್ಲಾಸ್‌ಗೆ, ಅಂದರೆ 250 ಸೂಪರ್‌ಕ್ರಾಸ್‌ಗೆ ಬಂದ. ಕೆಳಗಿನ ಸಾಲಿನಲ್ಲಿ ಆ ವರ್ಷಕ್ಕೆ ಒಂದೂ ಚೌಕ ಇಲ್ಲ. ಬಿದ್ದ, ಎದ್ದ, ಮತ್ತೆ ಬಿದ್ದ. ಅದೇ ವರ್ಷ ಮೇಲಿನ ಸಾಲಿನಲ್ಲಿ ಚಾಂಪಿಯನ್. ಒಂದೇ ಮನುಷ್ಯ, ಒಂದೇ ವರ್ಷ, ಒಂದು ಸಾಲು ತುಂಬಿದೆ, ಇನ್ನೊಂದು ಬೋಳು. ಇದನ್ನು ಓದಿ ಗೊತ್ತಿತ್ತು, ಹಾಳೆಯ ಮೇಲೆ ನೋಡಿದಾಗಲೇ ಹೊಟ್ಟೆಯೊಳಗೆ ಏನೋ ಆಯಿತು.

2000ದಲ್ಲಿ ಕೆಳಗೆ ಒಂದೇ ಒಂದು ಹಸಿರು ಚೌಕ. ಡೇಟೋನಾ. ಇದನ್ನು ಬಣ್ಣ ತುಂಬುವಾಗ ಸ್ವಲ್ಪ ಹೊತ್ತು ಕೈ ನಿಲ್ಲಿಸಿದೆ. ಡೇಟೋನಾ ಬೇರೆ ಸೂಪರ್‌ಕ್ರಾಸ್‌ಗಳ ಹಾಗಲ್ಲ. ಸ್ಟೇಡಿಯಂ ಒಳಗಲ್ಲ, ದೊಡ್ಡ ಕಾರ್ ರೇಸ್ ಟ್ರ್ಯಾಕಿನ ಬಯಲಿನಲ್ಲಿ ನಡೆಯುತ್ತದೆ. ಮರಳು ಮಣ್ಣು, ಹೋಗ್ತಾ ಹೋಗ್ತಾ ಗುಂಡಿ ಬೀಳುವ ಟ್ರ್ಯಾಕ್. ಅದೂ ಅವನದೇ ರಾಜ್ಯದಲ್ಲಿ. ಅಂದರೆ ಸೂಪರ್‌ಕ್ರಾಸ್‌ನ ಬಾಗಿಲು ಅವನಿಗೆ ತೆರೆದದ್ದು ಮೋಟೊಕ್ರಾಸ್‌ಗೆ ಎಲ್ಲಕ್ಕಿಂತ ಹತ್ತಿರವಾದ ಜಾಗದಲ್ಲಿ. ತನಗೆ ಗೊತ್ತಿರುವ ಮಣ್ಣಿನಿಂದ ಗೊತ್ತಿಲ್ಲದ ಮಣ್ಣಿಗೆ ದಾಟಿದ, ಅಲ್ವಾ?

ಆ ಹೊತ್ತಿಗೆ ಆಲ್ಡನ್ ಬೇಕರ್ ಜೊತೆ ತರಬೇತಿ ಶುರುವಾಗಿತ್ತು. ದಕ್ಷಿಣ ಆಫ್ರಿಕಾದ ಬೇಕರ್ ಸೈಕ್ಲಿಂಗ್ ಹಿನ್ನೆಲೆಯವನು. ಗಂಟೆಗಟ್ಟಲೆ ಸೈಕಲ್ ತುಳಿತ, ಊಟದಲ್ಲಿ ಕಟ್ಟುನಿಟ್ಟು. 20ನೇ ಲ್ಯಾಪಿನಲ್ಲೂ ಮೊದಲ ಲ್ಯಾಪಿನಷ್ಟೇ ಉಸಿರು ಇರಬೇಕು ಅನ್ನೋ ಗುರಿ.

2001ಕ್ಕೆ ಬಂದರೆ ಕೆಳಗಿನ ಸಾಲಿನಲ್ಲಿ 14 ಚೌಕ. ಸೀಸನ್‌ನ ಶುರುವಿನಲ್ಲಿ ಜೆರೆಮಿ ಮೆಕ್‌ಗ್ರಾತ್ ಎರಡು ರೇಸ್ ಗೆದ್ದ, ರಿಕಿ ಒಂದು. ಏಳು ಬಾರಿಯ ಚಾಂಪಿಯನ್‌ಗೆ ಅದರಲ್ಲಿ ಎರಡನೆಯದು 72ನೇ ಗೆಲುವು, ಕೊನೆಯದೂ ಹೌದು. ಆಮೇಲೆ ರಿಕಿ ಸತತ 13 ಗೆದ್ದ. ಒಂದೇ ಸೀಸನ್‌ನಲ್ಲಿ 14 ಗೆಲುವು ಅಂದರೆ ಮೆಕ್‌ಗ್ರಾತ್ 1996ರಲ್ಲಿ ಮಾಡಿದ ದಾಖಲೆಗೆ ಸಮ. ಸೊನ್ನೆ, ಒಂದು, ಹದಿನಾಲ್ಕು. ಮೂರು ವರ್ಷಗಳನ್ನು ಅಕ್ಕಪಕ್ಕ ನೋಡುತ್ತಾ ರಾತ್ರಿ ಬಹಳ ಹೊತ್ತು ಕೂತಿದ್ದೆ.

ಎಂಟನೇ ದಿನ

ತಪ್ಪು ಮಾಡಿದೆ. 2002ರ ಮೇಲಿನ ಸಾಲಿಗೆ 12 ಕೆಂಪು ಚೌಕ ತುಂಬಿ ಹಿಂದೆ ಸರಿದು ನೋಡಿದರೆ, ಹೇಳಬೇಕಾದ ವಿಷಯವೇ ಕಾಣಿಸುತ್ತಿಲ್ಲ. ಒಂದು ರೌಂಡ್ ಗೆಲ್ಲೋದು ಅಂದರೆ ಎರಡೂ ಮೋಟೊ ಗೆಲ್ಲಲೇಬೇಕು ಅಂತಿಲ್ಲ. ಒಂದರಲ್ಲಿ ಎರಡನೇ ಸ್ಥಾನ, ಇನ್ನೊಂದರಲ್ಲಿ ಮೊದಲು ಬಂದರೂ ಆ ದಿನ ನಿಮ್ಮದಾಗಬಹುದು. ಆದರೆ ಹೋಂಡಾದ ಮೇಲೆ ರಿಕಿಯ ಮೊದಲ ವರ್ಷ ಹಾಗಿರಲಿಲ್ಲ. 12 ರೌಂಡ್, 24 ಮೋಟೊ, 24ಕ್ಕೆ 24 ಗೆದ್ದ. ಒಂದು ಗೆಲುವಿಗೆ 25 ಪಾಯಿಂಟ್, ಅಂದರೆ 600ಕ್ಕೆ 600. ಇಡೀ ಬೇಸಿಗೆಯಲ್ಲಿ ಒಂದು ಸ್ಟಾರ್ಟ್ ಕೆಟ್ಟರೆ, ಒಂದು ಚೈನ್ ತುಂಡಾದರೆ, ಒಬ್ಬ ಸವಾರ ಮುಂದೆ ಅಡ್ಡ ಬಿದ್ದರೆ ಕಥೆ ಮುಗಿಯಿತು. ಅಂಥದ್ದು ಏನಾದರೂ ಆದಾಗಲೂ ಹಿಂದಿನಿಂದ ಬಂದು ಗೆಲ್ಲಬೇಕು.

ಆ ಭಾಗವನ್ನು ಕತ್ತರಿಸಿ ತೆಗೆದು ಹೊಸ ಹಾಳೆ ಅಂಟಿಸಿದೆ. ಈಗ ಈ ಚೌಕಗಳನ್ನು ಕರ್ಣದ ಗೆರೆಯಿಂದ ಎರಡು ಭಾಗ ಮಾಡಿದ್ದೇನೆ, ಒಂದು ಮೋಟೊಗೆ ಒಂದು ತ್ರಿಕೋನ. 24 ಕೆಂಪು ತ್ರಿಕೋನ, ಒಂದೂ ಖಾಲಿ ಇಲ್ಲ. ಅಂಟಿನ ಗುರುತು ಸ್ವಲ್ಪ ಕಾಣುತ್ತದೆ, ಇರಲಿ.

ಒಂಬತ್ತನೇ ದಿನ

2003ರ ಸೂಪರ್‌ಕ್ರಾಸ್. ರಿಕಿಗೆ 7 ಗೆಲುವು. ಎದುರಾಳಿ ಚಾಡ್ ರೀಡ್‌ಗೆ 8. ಪ್ರಶಸ್ತಿ ರಿಕಿಗೆ. ಎರಡನೇ ಸ್ಥಾನಕ್ಕೂ 22 ಪಾಯಿಂಟ್ ಇತ್ತು, ಗೆಲ್ಲದ ರಾತ್ರಿಗಳಲ್ಲೂ ಅವನು ಕೈಬಿಡಲಿಲ್ಲ. ನನ್ನ ಚಾರ್ಟ್ ಗೆಲುವು ಮಾತ್ರ ಎಣಿಸುತ್ತದೆ, ಹಾಗಾಗಿ ಇಲ್ಲಿ ಅದು ಪೂರ್ತಿ ನಿಜ ಹೇಳುತ್ತಿಲ್ಲ. ಕೆಳಗೆ ಒಂದು ಸಾಲು ಟಿಪ್ಪಣಿ ಬರೆದಿಟ್ಟೆ.

ಹನ್ನೊಂದನೇ ದಿನ

2004. ಈ ಕಂಬಕ್ಕಾಗಿಯೇ ಈ ಚಾರ್ಟ್ ಶುರು ಮಾಡಿದೆ ಅಂತ ಈಗ ಅನ್ನಿಸುತ್ತಿದೆ.

ಕೆಳಗಿನ ಸಾಲು ಪೂರ್ತಿ ಖಾಲಿ. ಸೀಸನ್ ಶುರುವಾಗುವ ಮೊದಲೇ ಮೊಣಕಾಲಿನ ಲಿಗಮೆಂಟ್ ಹರಿದು ಸೂಪರ್‌ಕ್ರಾಸ್ ಪೂರ್ತಿ ತಪ್ಪಿತು. ಅದರ ಮೇಲೆ, ಅದೇ ವರ್ಷದ ಮೋಟೊಕ್ರಾಸ್ ಸಾಲಿನಲ್ಲಿ ಮತ್ತೆ 24 ಕೆಂಪು ತ್ರಿಕೋನ. ಮತ್ತೆ 24ಕ್ಕೆ 24.

ಅದೂ ಬೇರೆ ಥರದ ಬೈಕಿನಲ್ಲಿ. 2002ರಲ್ಲಿ ಓಡಿಸಿದ್ದು ಸಿಆರ್250ಆರ್, ಟೂ-ಸ್ಟ್ರೋಕ್. 2004ರಲ್ಲಿ ಸಿಆರ್‌ಎಫ್450ಆರ್, ಫೋರ್-ಸ್ಟ್ರೋಕ್. ಸುಮ್ನೆ ಇಂಜಿನ್ ಬದಲಾಯಿತು ಅಂದುಕೊಂಡರೆ ತಪ್ಪಾಗುತ್ತದೆ. ಟೂ-ಸ್ಟ್ರೋಕ್ ಹಗುರ, ಅದರ ಶಕ್ತಿ ಒಂದು ಕಿರಿದಾದ ಹಂತದಲ್ಲಿ ದಿಢೀರ್ ಅಂತ ಬರುತ್ತದೆ. ಆ ಹಂತದಲ್ಲೇ ಇಂಜಿನ್ ಕಿರುಚುವ ಹಾಗೆ ಕ್ಲಚ್, ಗೇರ್ ಜೊತೆ ಸದಾ ಹೆಣಗುತ್ತಿರಬೇಕು. ಫೋರ್-ಸ್ಟ್ರೋಕ್ 450ಯ ಎಳೆತ ಕೆಳಗಿನಿಂದಲೇ ಶುರು, ಹಿಂದಿನ ಚಕ್ರ ಮಣ್ಣನ್ನು ಕಚ್ಚಿ ಹಿಡಿಯುತ್ತದೆ. ಆದರೆ ತೂಕ ಜಾಸ್ತಿ. ಥ್ರಾಟಲ್ ಬಿಟ್ಟರೆ ಇಂಜಿನ್ನೇ ಬ್ರೇಕ್ ಹಾಕಿದ ಹಾಗಾಗುತ್ತದೆ, ತಿರುವಿಗೆ ನುಗ್ಗುವ ಲೆಕ್ಕವೇ ಬದಲಾಗುತ್ತದೆ. ಥ್ರಾಟಲ್ ಪೂರ್ತಿ ತಿರುಗಿಸಿ ಓಡಿಸೋದೇ ರಿಕಿಯ ಶೈಲಿ. ಅಂಥವನು ಹೊಸ ಕಾಲು, ಹೊಸ ಯಂತ್ರ ಎರಡನ್ನೂ ಒಟ್ಟಿಗೆ ಪಳಗಿಸಿಕೊಂಡು ಒಂದು ಮೋಟೊವನ್ನೂ ಸೋಲಲಿಲ್ಲ.

ಜೇಮ್ಸ್ ಸ್ಟೀವರ್ಟ್ 2008ರಲ್ಲಿ 24ಕ್ಕೆ 24 ಗೆದ್ದ. ಜೆಟ್ ಲಾರೆನ್ಸ್ 2023ರಲ್ಲಿ 22ಕ್ಕೆ 22 ಗೆದ್ದ, ಆ ವರ್ಷ 11 ರೌಂಡ್ ಇತ್ತು. ಇಬ್ಬರನ್ನೂ ತುಂಬಾ ಮೆಚ್ಚುತ್ತೇನೆ. ಆದರೆ 2004ರ ಈ ಕಂಬದಷ್ಟು ನನ್ನನ್ನು ಯಾವುದೂ ಹಿಡಿದು ನಿಲ್ಲಿಸಿಲ್ಲ. ಕೆಳಗಿನ ಆ ಖಾಲಿ ಜಾಗಕ್ಕೆ ತೆಳು ಬೂದು ಬಣ್ಣ ಹಚ್ಚಬೇಕು ಅಂದುಕೊಂಡಿದ್ದೆ. ಈಗ ಬೇಡ ಅನ್ನಿಸಿತು. ಬಿಳಿಯಾಗಿಯೇ ಬಿಟ್ಟೆ.

ಹದಿನಾಲ್ಕನೇ ದಿನ

ಹಳದಿ ಶುರು. 2005ರಲ್ಲಿ ಸುಜುಕಿಗೆ ಬಂದ. ಎದುರಿಗೆ ರೀಡ್, ಸ್ಟೀವರ್ಟ್ ಇಬ್ಬರೂ ಇದ್ದರು, ಮೆಕ್‌ಗ್ರಾತ್ ಕೂಡ ಕೆಲವು ರೇಸ್‌ಗೆ ಮರಳಿ ಬಂದಿದ್ದ. ಸೂಪರ್‌ಕ್ರಾಸ್‌ನಲ್ಲಿ 7 ಗೆಲುವು, ಪ್ರಶಸ್ತಿ. ಬೇಸಿಗೆಯಲ್ಲಿ 12ಕ್ಕೆ 12 ರೌಂಡ್ ಗೆದ್ದ, ಮೋಟೊ ಲೆಕ್ಕದಲ್ಲಿ 24ಕ್ಕೆ 22. ಅಂದರೆ ಎರಡು ತ್ರಿಕೋನ ಮಾತ್ರ ಬಿಳಿ.

2006ರ ಸೂಪರ್‌ಕ್ರಾಸ್ ಲಾಸ್ ವೇಗಾಸ್‌ನ ಕೊನೆಯ ರಾತ್ರಿವರೆಗೂ ಹೋಯಿತು. ರಿಕಿ, ರೀಡ್, ಸ್ಟೀವರ್ಟ್, ಮೂವರಿಗೂ ಅವಕಾಶ ಇತ್ತು. ರೇಸ್ ಸ್ಟೀವರ್ಟ್ ಗೆದ್ದ, ರಿಕಿ ಎರಡನೆಯವನಾಗಿ ಬಂದು ಪ್ರಶಸ್ತಿ ಉಳಿಸಿಕೊಂಡ. ಚಾರ್ಟಿನಲ್ಲಿ ಆ ರಾತ್ರಿಗೆ ಚೌಕವೇ ಇಲ್ಲ! ಅವನ ಐದನೇ ಸೂಪರ್‌ಕ್ರಾಸ್ ಕಿರೀಟ ಬಂದದ್ದು ಆ ರಾತ್ರಿ. ಮತ್ತೆ ಒಂದು ಟಿಪ್ಪಣಿ ಬರೆದೆ.

ಅದೇ ಬೇಸಿಗೆ ಮೋಟೊಕ್ರಾಸ್ ಪ್ರಶಸ್ತಿಯೂ ಬಂತು. ಈಗ ಮೇಲಿನ ಸಾಲನ್ನು ಎಡದಿಂದ ಬಲಕ್ಕೆ ನೋಡಿದರೆ 1997ರಿಂದ 2006ರವರೆಗೆ ಹತ್ತು ವರ್ಷ, ಹತ್ತು ಪ್ರಶಸ್ತಿ, ನಡುವೆ ಒಂದೂ ತಪ್ಪಿಲ್ಲ. ಹಸಿರು ಹೋಗಿ ಕೆಂಪು ಬಂತು, ಕೆಂಪು ಹೋಗಿ ಹಳದಿ ಬಂತು. 125 ಹೋಗಿ 250 ಬಂತು, ಟೂ-ಸ್ಟ್ರೋಕ್ ಹೋಗಿ ಫೋರ್-ಸ್ಟ್ರೋಕ್ ಬಂತು. ಸಾಲು ಮಾತ್ರ ತುಂಡಾಗಲಿಲ್ಲ. ಬೈಕ್ ಚೆನ್ನಾಗಿತ್ತು, ಅದಕ್ಕೇ ಗೆದ್ದ ಅನ್ನುವವರಿಗೆ ಇನ್ನು ಮೇಲೆ ಈ ಹಾಳೆ ತೋರಿಸುತ್ತೇನೆ.

ಹದಿನಾರನೇ ದಿನ

2007ರಲ್ಲಿ ಪೂರ್ತಿ ಸೀಸನ್ ಓಡಲಿಲ್ಲ, ಆಯ್ದ ರೇಸ್ ಮಾತ್ರ. ಸೂಪರ್‌ಕ್ರಾಸ್‌ನಲ್ಲಿ 2 ಚೌಕ. ಈಗ ಕೆಳಗಿನ ಸಾಲು ಕೂಡಿ ನೋಡಿದೆ: 1, 14, 11, 7, ಆಮೇಲೆ 2004ರ ಖಾಲಿ, 7, 6, 2. ಒಟ್ಟು 48. ಮೇಲಿನ ಸಾಲು 125ರ 26, ದೊಡ್ಡ ಕ್ಲಾಸ್‌ನ 76, ಒಟ್ಟು 102. ಎರಡು ಸಲ ಎಣಿಸಿದೆ. ಎರಡೂ ಸಲ 150.

ರಾಷ್ಟ್ರಗಳ ನಡುವಿನ ಮೋಟೊಕ್ರಾಸ್‌ಗೆ ಮೂರು ನೀಲಿ ನಕ್ಷತ್ರ ಹಾಕಿದೆ. 2000ದಲ್ಲಿ ಫ್ರಾನ್ಸ್‌ನಲ್ಲಿ, 2005ರಲ್ಲಿ ಮತ್ತೆ ಫ್ರಾನ್ಸ್‌ನಲ್ಲಿ, 2007ರಲ್ಲಿ ಅಮೆರಿಕದ ಬಡ್ಸ್ ಕ್ರೀಕ್‌ನಲ್ಲಿ. ಮೂರು ಸಲವೂ ಅವನಿದ್ದ ಅಮೆರಿಕ ತಂಡ ಗೆದ್ದಿತು. ಬಡ್ಸ್ ಕ್ರೀಕ್‌ನಲ್ಲಿ ಅವನ ಜೊತೆಗಿದ್ದವರು ಟಿಮ್ ಫೆರ್ರಿ ಮತ್ತು ಚಿಕ್ಕ ವಯಸ್ಸಿನ ರಯಾನ್ ವಿಲ್ಲೊಪೊಟೊ. ಆ ನಕ್ಷತ್ರವನ್ನು ಹಾಳೆಯ ಬಲತುದಿಯಲ್ಲಿ, ಕೊನೆಯ ಹಳದಿ ಚೌಕದ ಆಚೆ ಇಟ್ಟಿದ್ದೇನೆ.

ಇನ್ನು ಉಳಿದದ್ದು ವರ್ಷಗಳ ಅಂಕಿಯನ್ನು ಇಂಕಿನಲ್ಲಿ ಬರೆಯೋದು, ಪೆನ್ಸಿಲ್ ಗೆರೆ ಅಳಿಸೋದು. ರೋಲ್‌ನಲ್ಲಿ ಇನ್ನೂ ಹಾಳೆ ಇದೆ. ಅದರಲ್ಲಿ ಸ್ಟೀವರ್ಟ್‌ನದು. ಅವನಿಗೆ ಮೊದಲ ದಿನದಿಂದಲೇ ತ್ರಿಕೋನ ಹಾಕುತ್ತೇನೆ.