ಷರತ್ತು ಕಿತ್ತರೆ ಪ್ರಮೇಯ ಎಲ್ಲಿ ಮುರಿಯುತ್ತದೆ?

ಅರ್ಥಶಾಸ್ತ್ರದ ಎಂ.ಎ.ಯಲ್ಲಿ ಉದಾಸೀನ ವಕ್ರರೇಖೆ (ಒಂದೇ ತೃಪ್ತಿ ಕೊಡುವ ಸರಕುಜೋಡಿಗಳ ರೇಖೆ) ಎಳೆದು, ಬಜೆಟ್ ರೇಖೆ ಅದನ್ನು ಮುಟ್ಟುವ ಬಿಂದು ತೋರಿಸಿದರೆ ಅಂಕ ಬರುತ್ತದೆ. ಪಿಎಚ್.ಡಿ. ಮಟ್ಟದ ಮೈಕ್ರೋ ಥಿಯರಿಯಲ್ಲಿ ಪ್ರಶ್ನೆಯೇ ಬೇರೆ: ಅಂಥ ರೇಖೆ ಇದ್ದೇ ಇರುತ್ತದೆ ಎಂದವರು ಯಾರು? ಪ್ರೂಫನ್ನು ಹತ್ತು ಸಲ ಓದಿ ಬಾಯಿಪಾಠ ಮಾಡಿದರೂ ಇದಕ್ಕೆ ಉತ್ತರ ಸಿಗದು. ಪ್ರಮೇಯದ ಷರತ್ತುಗಳನ್ನು ಬರೆದುಕೊಂಡು, ಒಂದೊಂದನ್ನೇ ಹೊಡೆದುಹಾಕಿ, ಆಗ ಪ್ರಮೇಯ ಸುಳ್ಳಾಗುವ ಉದಾಹರಣೆಯನ್ನು ಕೈಯಾರೆ ಕಟ್ಟಬೇಕು.

ಮೊದಲು ನಿಘಂಟಿನ ಕ್ರಮದ ಆದ್ಯತೆ. ಮೊದಲ ಸರಕು ಯಾವುದರಲ್ಲಿ ಹೆಚ್ಚಿದೆಯೋ ಅದೇ ಮೇಲು. ಅದು ಸಮವಾದರೆ ಮಾತ್ರ ಎರಡನೆಯದನ್ನು ನೋಡುವುದು. ಈ ಆದ್ಯತೆ ಪೂರ್ಣವೂ ಹೌದು (ಯಾವ ಎರಡನ್ನೂ ಹೋಲಿಸಬಹುದು), ಸಂಗತವೂ ಹೌದು (ಕಗಿಂತ ಖ, ಖಗಿಂತ ಗ ಮೇಲಾದರೆ ಕಗಿಂತ ಗ ಮೇಲು). ಆದರೂ ಇದಕ್ಕೆ ತುಷ್ಟಿಗುಣದ ಫಂಕ್ಷನ್, ಅಂದರೆ ಮೇಲಾದದ್ದಕ್ಕೆ ದೊಡ್ಡ ಸಂಖ್ಯೆ ಕೊಡುವ ಸೂತ್ರ, ಇಲ್ಲ. ಅಂಥ ಫಂಕ್ಷನ್ u ಇದೆ ಎಂದೇ ಇಟ್ಟುಕೊಳ್ಳಿ; u(x,1) ಎಂದರೆ ಮೊದಲ ಸರಕು x, ಎರಡನೆಯದು 1 ಇದ್ದಾಗಿನ ತುಷ್ಟಿಗುಣ. ಪ್ರತಿ xಗೂ u(x,1) ಎನ್ನುವುದು u(x,0)ಗಿಂತ ದೊಡ್ಡದು. ಇವೆರಡರ ನಡುವೆ ಒಂದು ಭಾಗಲಬ್ಧ ಸಂಖ್ಯೆ ಇದ್ದೇ ಇರುತ್ತದೆ. ಬೇರೆ ಬೇರೆ xಗಳ ಈ ಅಂತರಗಳು ಒಂದರ ಮೇಲೊಂದು ಬೀಳುವುದಿಲ್ಲ. ಹಾಗಾದರೆ ಪ್ರತಿ ವಾಸ್ತವ ಸಂಖ್ಯೆಗೂ ಪ್ರತ್ಯೇಕ ಭಾಗಲಬ್ಧ ಸಂಖ್ಯೆ ಸಿಕ್ಕಂತಾಯಿತು. ಅಷ್ಟು ಭಾಗಲಬ್ಧ ಸಂಖ್ಯೆಗಳೇ ಇಲ್ಲ. ಆದ್ಯತೆಗೆ ತುಷ್ಟಿಗುಣದ ಫಂಕ್ಷನ್ ಇದೆ ಎನ್ನುವ ಪ್ರಮೇಯದಲ್ಲಿ ಇಲ್ಲಿ ಕೈಕೊಟ್ಟದ್ದು ನಿರಂತರತೆಯ ಷರತ್ತು: ಸರಕಿನ ಅತಿಸಣ್ಣ ಬದಲಾವಣೆಗೆ ಆದ್ಯತೆ ಥಟ್ಟನೆ ತಿರುಗಬಾರದು.

ನನಗೆ ಹೆಚ್ಚು ಮೆಚ್ಚಿನದು ಬಜೆಟ್ ಸೆಟ್‌ನ (ಆದಾಯದಲ್ಲಿ ಕೊಳ್ಳಬಹುದಾದ ಎಲ್ಲ ಸರಕುಜೋಡಿಗಳ) ಉದಾಹರಣೆ. ಒಬ್ಬನ ಬಳಿ ಮೊದಲ ಸರಕಿನ 1 ಘಟಕ ಇದೆ, ಎರಡನೆಯದು ಏನೂ ಇಲ್ಲ. ಎರಡನೆಯದರ ಬೆಲೆ 1, ಮೊದಲನೆಯದರ ಬೆಲೆ 1/n. ತುಷ್ಟಿಗುಣ ಎರಡರ ಮೊತ್ತ. ಯಾವುದನ್ನೂ 10ಕ್ಕಿಂತ ಹೆಚ್ಚು ಬಳಸುವಂತಿಲ್ಲ. n ಎಷ್ಟೇ ದೊಡ್ಡದಾದರೂ ಅವನ ಬೇಡಿಕೆ (1,0)ರಲ್ಲೇ ನಿಂತಿರುತ್ತದೆ, ಏಕೆಂದರೆ ಅವನ ಆದಾಯವೂ 1/n ತಾನೇ. ಬೆಲೆ ಸೊನ್ನೆ ಮುಟ್ಟಿದ ಕೂಡಲೇ ಮೊದಲ ಸರಕು ಪುಕ್ಕಟೆ. ಬೇಡಿಕೆ (10,0)ಕ್ಕೆ ಹಾರುತ್ತದೆ. ಬೇಡಿಕೆ-ಪೂರೈಕೆ ಹೊಂದುವ ಬೆಲೆಗಳು, ಅಂದರೆ ಸಮತೋಲನ, ಇವೆ ಎಂದು ತೋರಿಸಲು ಬಳಸುವ ಕಾಕುಟಾನಿಯ ಸ್ಥಿರಬಿಂದು ಪ್ರಮೇಯವನ್ನು ಹೀಗೆ ಹಾರುವ ಬೇಡಿಕೆಯ ಮೇಲೆ ಹೂಡಲಾಗದು. ಆದಾಯ ಸೊನ್ನೆಯಾದದ್ದೇ ಮೂಲ ಕಾರಣ. 1954ರಲ್ಲಿ ಅರ್ಥಶಾಸ್ತ್ರಜ್ಞರಾದ ಆರೋ ಮತ್ತು ಡೆಬ್ರೂ ಸಮತೋಲನದ ಅಸ್ತಿತ್ವ ಸಾಧಿಸುವಾಗ, ಪ್ರತಿಯೊಬ್ಬರ ಬಳಿಯೂ ಪ್ರತಿ ಸರಕು ಆರಂಭದಲ್ಲೇ ಸಾಕಷ್ಟು ಇರಬೇಕೆಂದು ಷರತ್ತು ಹಾಕಿದ್ದು ಇದನ್ನು ತಡೆಯಲು. ದುಡಿಮೆಯೊಂದೇ ಆಸ್ತಿಯಾಗಿರುವ ಜನರ ಲೋಕಕ್ಕೆ ಇದು ವಿಚಿತ್ರ ಷರತ್ತೇ ಸರಿ! ಆರೋ, ಡೆಬ್ರೂ ಅವರಿಗೂ ಅದು ಗೊತ್ತಿತ್ತು. ಅದೇ ಲೇಖನದಲ್ಲಿ ಷರತ್ತನ್ನು ಸಡಿಲಿಸಿದ ಎರಡನೇ ಪ್ರಮೇಯವಿದೆ.

ಇದಕ್ಕೆ ಬೇಕಾದ ಗಣಿತ ಹೆದರುವಷ್ಟಿಲ್ಲ: ಸರಣಿಗಳ ಮಿತಿ, ತೆರೆದ ಮತ್ತು ಮುಚ್ಚಿದ ಸೆಟ್, ಕಾಂಪ್ಯಾಕ್ಟ್, ಕಾನ್ವೆಕ್ಸ್, ಬೇರ್ಪಡಿಸುವ ಹೈಪರ್‌ಪ್ಲೇನ್. ಕಾಕುಟಾನಿಯ ಪ್ರೂಫ್ ಈಗ ಬೇಡ, ಷರತ್ತುಗಳು ಬಾಯಲ್ಲಿರಲಿ. ಮೆಷರ್ ಥಿಯರಿಯನ್ನು ಮೊದಲೇ ಹಿಡಿದು ಕೂರಬೇಕಿಲ್ಲ.

ಪರೀಕ್ಷೆಯಲ್ಲಿ ಅಂಕ ಸೋರುವ ಜಾಗ ಮಾತ್ರ ತೀರಾ ಸಣ್ಣದು: ಅಂಚಿನ ಪರಿಹಾರ, ಅಂದರೆ ಯಾವುದೋ ಸರಕನ್ನು ಸೊನ್ನೆ ಕೊಳ್ಳುವ ಉತ್ತರ. u = √x₁ + x₂, ಎರಡೂ ಬೆಲೆ 1 ಎಂದಿರಲಿ. ಲಗ್ರಾಂಜಿಯನ್ (ಬಜೆಟ್ ಷರತ್ತನ್ನು ಸೇರಿಸಿಕೊಂಡ ಗರಿಷ್ಠೀಕರಣದ ಸೂತ್ರ) ಬರೆದು ಕಣ್ಣುಮುಚ್ಚಿ ಸಮೀಕರಣ ಬಿಡಿಸಿದರೆ x₁ = 1/4, x₂ = m − 1/4 ಬರುತ್ತದೆ. ಆದಾಯ m ಎನ್ನುವುದು 1/4ಕ್ಕಿಂತ ಕಡಿಮೆಯಾದರೆ x₂ ಋಣ ಸಂಖ್ಯೆ; ಆಗ ಸರಿಯುತ್ತರ x₁ = m, x₂ = 0. ಅಂಚಿನ ಉತ್ತರವನ್ನೂ ಒಳಗೊಳ್ಳುವ ಕುನ್–ಟಕ್ಕರ್ ಷರತ್ತುಗಳನ್ನು ಅಸಮತೆಗಳಾಗಿಯೇ ಬರೆಯಿರಿ. ಸಮ ಚಿಹ್ನೆ ಹಾಕುವ ಮುನ್ನ ಆ ಸರಕಿನ ಪ್ರಮಾಣ ಸೊನ್ನೆಗಿಂತ ಹೆಚ್ಚಿದೆ ಎಂದು ಒಂದು ಸಾಲಿನಲ್ಲಾದರೂ ತೋರಿಸಿ.