ಚೀಟಿಯಲ್ಲಿ ಬರೆದ ತೂಕ

ಪಾಂಡವಪುರದ ಹತ್ತಿರ ಇರುವ ನಮ್ಮ ಪ್ರೌಢಶಾಲೆಗೆ ಆರೋಗ್ಯ ತಪಾಸಣೆಗೆ ಬರುತ್ತಾರೆ ಎಂದರೆ ಸಾಕು, ಒಂಬತ್ತನೇ ತರಗತಿಯ ಕೆಲವು ಹುಡುಗಿಯರು ಬೆಳಿಗ್ಗೆ ತಿಂಡಿ ಬಿಟ್ಟೇ ಬರುತ್ತಾರೆ. ತೂಕ ಕಮ್ಮಿ ತೋರಿಸಲಿ ಅಂತ. ಸಣ್ಣಗಿರುವ ಹುಡುಗರು ನಲ್ಲಿ ಹತ್ತಿರ ನಿಂತು ಹೊಟ್ಟೆ ತುಂಬ ನೀರು ಕುಡಿಯುತ್ತಾರೆ.

ಈ ಸಲ ತೂಕ ನೋಡುವ ಮೊದಲೇ ಎಲ್ಲರಿಗೂ ಚೀಟಿ ಕೊಟ್ಟೆ. ಸಣ್ಣ, ಸರಿ, ದಪ್ಪ, ಇದರಲ್ಲಿ ನೀವು ಯಾವುದು ಅಂತ ಬರೆದು ಮಡಚಿ ಕೊಡಿ ಎಂದೆ. ಮಧ್ಯಾಹ್ನ ವಿಶ್ವ ಆರೋಗ್ಯ ಸಂಸ್ಥೆಯ 2007ರ ಮಕ್ಕಳ ಬೆಳವಣಿಗೆಯ ಕೋಷ್ಟಕ ಮುಂದಿಟ್ಟುಕೊಂಡು ಒಂದೊಂದೇ ಬಿಡಿಸಿದೆ. ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕವೇ ಎಂದು ನೋಡುವ ಅಳತೆ, 25 ದಾಟಿದರೆ ದಪ್ಪ ಅನ್ನುವ ದೊಡ್ಡವರ ಲೆಕ್ಕ ಈ ವಯಸ್ಸಿಗೆ ನಡೆಯುವುದಿಲ್ಲ. 5ರಿಂದ 19 ವರ್ಷದವರೆಗೆ ವಯಸ್ಸಿಗೆ ತಕ್ಕಂತೆ ಗೆರೆ ಬದಲಾಗುತ್ತದೆ, ಹುಡುಗ ಹುಡುಗಿಗೂ ಬೇರೆ ಬೇರೆ.

ಒಬ್ಬಳು ‘ತುಂಬಾ ದಪ್ಪ’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಳು. ವಯಸ್ಸು 14, ಎತ್ತರ 152 ಸೆಂ.ಮೀ., ತೂಕ 46 ಕೆ.ಜಿ. ಬಿಎಂಐ 20ರ ಆಸುಪಾಸು, ಅಂದರೆ ಅವಳ ವಯಸ್ಸಿನವರ ನಟ್ಟನಡುವೆ. 158 ಸೆಂ.ಮೀ. ಎತ್ತರಕ್ಕೆ 62 ಕೆ.ಜಿ. ಇದ್ದ ಅದೇ ವಯಸ್ಸಿನ ಹುಡುಗ ‘ಸರಿ’ ಎಂದು ಬರೆದಿದ್ದ. ಅವನ ತೂಕ ಹೆಚ್ಚೇ. ಮನೆಯಲ್ಲಿ ಅವನನ್ನು ಗಟ್ಟಿಮುಟ್ಟು ಅಂತಾರೆ, ಅವಳನ್ನು ಗುಂಡಮ್ಮ ಅಂತಾರೆ. ಮಕ್ಕಳು ನೋಡಿಕೊಳ್ಳುವ ಕನ್ನಡಿ ಅದೇ.

ಅವಳನ್ನು ಲ್ಯಾಬಿಗೆ ಕರೆದು ಕೂರಿಸಿಕೊಂಡೆ.

“ರಾತ್ರಿ ಏನ್ ಊಟ ಮಾಡ್ತೀಯವ್ವ?”

“ಮುದ್ದೆ ಬಿಟ್ಟಿದೀನಿ ಮಿಸ್. ಮೊಸರು ಒಂಚೂರು.”

ಶಾಲೆಯಲ್ಲಿ ಕೊಡುವ ಮೊಟ್ಟೆಯೂ ಪಕ್ಕದವಳ ತಟ್ಟೆಗೆ ಹೋಗುತ್ತಿತ್ತಂತೆ. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ, ಬಿಳಿಚಿಕೊಂಡಿತ್ತು, ರಕ್ತ ಕಮ್ಮಿ ಇರಬಹುದು. ನನಗೆ ಸಂಕಟವಾಯಿತು. ಮುಟ್ಟು ಶುರುವಾಗುವ ಹೊತ್ತಿಗೆ ಸೊಂಟ, ತೊಡೆಯಲ್ಲಿ ಒಂದಿಷ್ಟು ಕೊಬ್ಬು ಸೇರಿ ತುಂಬಿಕೊಳ್ಳುವುದು ಬೆಳವಣಿಗೆಯೇ, ರೋಗವಲ್ಲ ಎಂದು ಬಿಡಿಸಿ ಹೇಳಿದೆ. ಹುಡುಗರು ಎತ್ತರ ಬೆಳೆಯುವುದು ಹುಡುಗಿಯರಿಗಿಂತ ಸುಮಾರು ಎರಡು ವರ್ಷ ತಡ, ಅದಕ್ಕೇ ಕ್ಲಾಸಿನಲ್ಲಿ ನೀನು ದೊಡ್ಡವಳಾಗಿ ಕಾಣ್ತೀಯ ಎಂದೆ. ಕೋಷ್ಟಕದಲ್ಲಿ ತನ್ನ ಜಾಗ ಎಲ್ಲಿದೆ ಅಂತ ಅವಳೇ ಬೆರಳಿಟ್ಟು ಹುಡುಕಿದಳು.

ಸಂಜೆ ಅವಳ ತಾಯಿಗೆ ಫೋನ್ ಮಾಡಿದೆ. ಮೊದಲು ರಕ್ತ ಪರೀಕ್ಷೆ ಮಾಡಿಸಿ ಎಂದು ಹೇಳಿ, ಗುಂಡಮ್ಮ ಅನ್ನುವ ವಿಷಯ ತೆಗೆದೆ.

“ಅವ್ರ ಚಿಕ್ಕಪ್ಪ ತಮಾಷೆಗೆ ಅಂತಾರೆ ಮೇಡಂ.”

“ತಮಾಷೆಗೂ ಬೇಡ ಕಣಮ್ಮ. ಹುಡುಗಿ ಊಟ ಬಿಟ್ಟವ್ಳೆ.”