ತೋಡಿನ ದಡದಲ್ಲಿ ಎಣಿಸಿದ ಲೆಕ್ಕ

ಆ ಹುಡುಗಿ ಚೀಲದಿಂದ ತೆಗೆದು ಚಾಪೆಯ ಮೇಲೆ ಇಟ್ಟದ್ದು ನೂರು ಪುಟಗಳ ಒಂದು ಗೆರೆ ಪುಸ್ತಕ. ರಟ್ಟಿಗೆ ಹಳೆಯ ಕ್ಯಾಲೆಂಡರಿನ ಹಾಳೆಯ ಹೊದಿಕೆ. ನವೆಂಬರ್ ತಿಂಗಳ ಕೊನೆಯ ಆದಿತ್ಯವಾರ, ಬದಿಯಡ್ಕದ ಸಮೀಪದ ನಮ್ಮೂರಿನ ವಾಚನಾಲಯದಲ್ಲಿ ನಾವು ಎಂಟು ಮಂದಿ ಸುತ್ತ ಕುಳಿತಿದ್ದೆವು. ಒಂಬತ್ತು ತಿಂಗಳ ಬಳಿಕ ಅವಳು ನಮ್ಮ ಸಭೆಗೆ ಬಂದಿದ್ದಳು. "ಟೀಚರ್, ಇದು ನಿಮಗೆ ಬೇಕಾಗಬಹುದು ಅಂತ ತಂದೆ" ಎಂದಳು. ಬೇರೇನೂ ಹೇಳಲಿಲ್ಲ.

ಅವಳು ಯಾಕೆ ದೂರವಾಗಿದ್ದಳು ಎಂಬುದನ್ನು ಮೊದಲು ಹೇಳಬೇಕು. ಅದಕ್ಕೆ ಕಾರಣ ನಾನು.

ನಮ್ಮದು ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಅಡ್ಡಲಾಗಿ ಕಟ್ಟ (ತಾತ್ಕಾಲಿಕ ಒಡ್ಡು) ಕಟ್ಟುವವರ ಸಣ್ಣ ತಂಡ. ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಸುರಿಯುತ್ತದೆ, ಹನ್ನೆರಡು ಹೊಳೆಗಳು ಹರಿಯುತ್ತವೆ. ಆದರೂ ಮಾರ್ಚ್ ಬಂತೆಂದರೆ ಅಡಿಕೆ ತೋಟಕ್ಕೆ ನೀರಿಲ್ಲ, ಬಾವಿಯ ತಳ ಕಾಣುತ್ತದೆ. ಗುಡ್ಡ ಇಳಿದ ನೀರು ನಿಲ್ಲದೆ ಒಂದೇ ಓಟಕ್ಕೆ ಕಡಲು ಸೇರುತ್ತದೆ. ಅದನ್ನು ತೋಡಿನಲ್ಲೇ ತಡೆದು ನಿಲ್ಲಿಸಲು ನಮ್ಮ ಹಿರಿಯರು ಮಳೆ ಮುಗಿದ ಮೇಲೆ ಕಲ್ಲು, ಮಣ್ಣುಗಳಿಂದ ಅಡ್ಡಗಟ್ಟುತ್ತಿದ್ದರು. ಮುಂದಿನ ಮಳೆಗಾಲಕ್ಕೆ ಅದು ಹೋಗುತ್ತದೆ, ಮತ್ತೆ ಕಟ್ಟಬೇಕು. ಏತಡ್ಕದಂತಹ ಊರುಗಳಲ್ಲಿ ಈ ರೂಢಿ ಉಳಿದುಕೊಂಡಿದೆ. ನಮ್ಮ ತೋಡಿನಲ್ಲಿ ಅದು ನಿಂತೇ ಹೋಗಿತ್ತು, ನಾವು ಮತ್ತೆ ಶುರು ಮಾಡಿದೆವು. ಇದಕ್ಕೆ ಹಣಕ್ಕಿಂತ ಹೆಚ್ಚಾಗಿ ಆಳು ಬೇಕು. ಒಂದು ಬೆಳಗ್ಗಿಗೆ ಇಪ್ಪತ್ತು ಜೊತೆ ಕೈ ಸಿಕ್ಕಿದರೆ ಕಟ್ಟ ಎದ್ದು ನಿಲ್ಲುತ್ತದೆ. ಆ ಕೈಗಳನ್ನು ಕರೆಯಲೆಂದೇ ಫೇಸ್‌ಬುಕ್ ಪುಟ, ವಾಟ್ಸ್ಆ್ಯಪ್ ಗುಂಪುಗಳು, ಅವುಗಳನ್ನು ನೋಡಿಕೊಳ್ಳಲು ಆರು ಮಂದಿ ಯುವಕ ಯುವತಿಯರು.

ನಾನು ನಿವೃತ್ತ ಶಿಕ್ಷಕಿ. ಗುರಿಯಿಲ್ಲದೆ ಕೆಲಸ ನಡೆಯದು ಎಂದು ನಂಬಿದವಳು. ಹಿಂದಿನ ವರ್ಷ ಜೂನ್‌ನಲ್ಲಿ ನಾನೇ ಗುರಿ ಇಟ್ಟೆ: ಮಾರ್ಚ್ ಒಳಗೆ ಪುಟಕ್ಕೆ ಐದು ಸಾವಿರ ಹಿಂಬಾಲಕರು. ಪ್ರತಿ ಶನಿವಾರ ಯಾರ ಪೋಸ್ಟ್‌ಗೆ ಎಷ್ಟು ಲೈಕ್, ಎಷ್ಟು ಶೇರ್ ಎಂದು ಪಟ್ಟಿ ಮಾಡಿ ಗುಂಪಿನಲ್ಲಿ ಹಾಕುತ್ತಿದ್ದೆ. ಮಕ್ಕಳ ಅಂಕಪಟ್ಟಿ ಗೋಡೆಗೆ ಅಂಟಿಸಿದ ಕೈ ನನ್ನದು, ಇದರಲ್ಲಿ ತಪ್ಪೇನೂ ಕಾಣಲಿಲ್ಲ.

ಗುರಿ ಮುಟ್ಟಿತು. ಮಾರ್ಚ್ ಮೊದಲ ವಾರಕ್ಕೆ 5,200 ಆಯಿತು. ಹೇಗೆಂದರೆ, ಹುಡುಗರು ಮಳೆಗಾಲದಲ್ಲಿ ತೆಗೆದಿಟ್ಟ ಜಲಪಾತಗಳ, ಜಾತ್ರೆಯ ಸುಡುಮದ್ದಿನ ವೀಡಿಯೊಗಳನ್ನು ಹಾಕತೊಡಗಿದ್ದರು. ಜನ ಜಲಪಾತ ನೋಡಲು ಬಂದು ಹಿಂಬಾಲಕರಾದರು. ಅದೇ ಡಿಸೆಂಬರಿನಲ್ಲಿ ಕಟ್ಟದ ಒಂದು ವೀಡಿಯೊ ನಲವತ್ತು ಸಾವಿರ ವೀಕ್ಷಣೆ ದಾಟಿತ್ತು. ಮುಂದಿನ ಆದಿತ್ಯವಾರ ತೋಡಿನ ಬಳಿ ಸೇರಿದವರು ಹನ್ನೊಂದು ಮಂದಿ, ಅದರಲ್ಲಿ ಏಳು ಮಂದಿ ನಾವೇ.

ಫೆಬ್ರವರಿಯಲ್ಲಿ ಒಂದು ರಾತ್ರಿ ಆ ಹುಡುಗಿಯ ಸಂದೇಶ ಬಂದಿತ್ತು. "ಟೀಚರ್, ನನ್ನಿಂದ ಆಗುವುದಿಲ್ಲ, ಕ್ಷಮಿಸಿ." ಮರುಕ್ಷಣ ಅವಳು ಗುಂಪಿನಿಂದ ಹೊರಗೆ ಹೋಗಿದ್ದಳು. ನನ್ನ ಪಟ್ಟಿಯಲ್ಲಿ ಸತತ ಎಂಟು ವಾರ ಅವಳ ಹೆಸರು ಕೊನೆಯಲ್ಲಿತ್ತು. ಪದವಿಯ ಕೊನೆಯ ವರ್ಷ, ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಪಟ್ಟಿ ಹಾಕುತ್ತಲೇ ಇದ್ದೆ.

ಈಗ ಆ ಪುಸ್ತಕ ತೆರೆದೆ. ಮುತ್ತಿನಂತಹ ಅಕ್ಷರ. ಹಿಂದಿನ ವರ್ಷದ ನವೆಂಬರ್, ಡಿಸೆಂಬರ್ ಎರಡು ತಿಂಗಳಲ್ಲಿ ನಮ್ಮ ಪೋಸ್ಟ್‌ಗಳ ಕೆಳಗೆ ಜನ ಕೇಳಿದ ಪ್ರಶ್ನೆಗಳನ್ನೆಲ್ಲ ಅವಳು ತಾರೀಕು ಸಮೇತ ಬರೆದಿಟ್ಟಿದ್ದಳು. ಒಟ್ಟು ಐವತ್ತಮೂರು. ಎದುರಿನ ಅಂಕಣದಲ್ಲಿ ‘ಉತ್ತರಿಸಿದೆ’ ಅಥವಾ ಖಾಲಿ. ಹದಿನೈದಕ್ಕೆ ಉತ್ತರ ಸಿಕ್ಕಿತ್ತು, ಎಲ್ಲವೂ ಅವಳೇ ಕೊಟ್ಟವು. ಮೂವತ್ತೆಂಟು ಖಾಲಿ. "ಎಲ್ಲಿಗೆ ಬರಬೇಕು?", "ಹೆಂಗಸರು ಬರಬಹುದೇ?", "ಗುದ್ದಲಿ ತರಬೇಕೇ?", "ಬಸ್ಸು ಎಲ್ಲಿ ಇಳಿಯಬೇಕು?" ಹೆಚ್ಚಿನವು ಮಲಯಾಳದಲ್ಲಿದ್ದವು, ಅವಳು ಕನ್ನಡದಲ್ಲಿ ಅರ್ಥ ಬರೆದಿದ್ದಳು. ಬರುತ್ತೇನೆ ಎಂದು ಬಾಗಿಲು ತಟ್ಟಿದ ಮೂವತ್ತೆಂಟು ಮಂದಿಗೆ ನಾವು ಬಾಗಿಲು ತೆರೆದಿರಲಿಲ್ಲ. ಆ ಹೊತ್ತಿಗೆ ನಾವು ಲೈಕ್ ಎಣಿಸುತ್ತಿದ್ದೆವು.

ನಾನು ಎಲ್ಲರ ಎದುರು ಅವಳಲ್ಲಿ ಕ್ಷಮೆ ಕೇಳಿದೆ. ಅವಳು ತಲೆ ತಗ್ಗಿಸಿ ಚಾಪೆಯ ಎಳೆ ಕೀಳುತ್ತಿದ್ದಳು. ತಂಡದ ಹಿರಿಯ ಕೃಷಿಕರೊಬ್ಬರು, ನಾವೆಲ್ಲ ಅಣ್ಣ ಎಂದು ಕರೆಯುವವರು, "ಹಾಗಾದರೆ ಈ ಸಲ ಏನನ್ನು ಎಣಿಸುವುದು? ಅದನ್ನು ಈಗಲೇ ತೀರ್ಮಾನ ಮಾಡುವ" ಎಂದು ಮಾತು ಮುಂದಕ್ಕೆ ತಂದರು.

ತೀರ್ಮಾನಕ್ಕೆ ಮೂರು ಗಂಟೆ ಹಿಡಿಯಿತು. ಗುರಿ ‘ಸ್ಮಾರ್ಟ್’ ಆಗಿರಬೇಕು ಎಂದು ತರಬೇತಿಗಳಲ್ಲಿ ಕೇಳಿದವಳು ನಾನು. 1981ರಲ್ಲಿ ಜಾರ್ಜ್ ಡೋರನ್ ಎಂಬವರು ಅಮೆರಿಕದ ಪತ್ರಿಕೆಯೊಂದರಲ್ಲಿ ಬರೆದ ಸೂತ್ರ ಅದು; ಆ ಪದದ ಐದು ಇಂಗ್ಲಿಷ್ ಅಕ್ಷರಗಳು ಒಳ್ಳೆಯ ಗುರಿಯ ಐದು ಲಕ್ಷಣಗಳನ್ನು ಹೇಳುತ್ತವೆ. ಅದರ ‘ಎ’ ಅಕ್ಷರಕ್ಕೆ ಈಗ ಎಲ್ಲರೂ ‘ಸಾಧಿಸಬಹುದಾದದ್ದು’ ಎಂದು ಅರ್ಥ ಹೇಳುತ್ತಾರೆ. ಡೋರನ್ ಬರೆದದ್ದು ಬೇರೆ: ‘ಇಂಥವರಿಗೆ ಎಂದು ವಹಿಸಬಹುದಾದದ್ದು’. ಈ ವ್ಯತ್ಯಾಸ ನನಗೆ ಆ ಮಧ್ಯಾಹ್ನ ಮನಸ್ಸಿಗೆ ನಾಟಿತು. ಐದು ಸಾವಿರ ಹಿಂಬಾಲಕರು ಎಂಬುದು ಯಾರ ಕೆಲಸ? ಯಾರದೂ ಅಲ್ಲ. ಪೋಸ್ಟ್ ಯಾರಿಗೆ ತೋರಬೇಕು ಎಂಬುದು ಆ ಕಂಪನಿಯ ಯಂತ್ರದ ಕೈಯಲ್ಲಿ. ತನ್ನ ಕೈಯಲ್ಲಿ ಇಲ್ಲದ್ದಕ್ಕೆ ಒಬ್ಬ ಹುಡುಗಿಯನ್ನು ಹೊಣೆ ಮಾಡಿದ್ದೆ ನಾನು. ಪ್ರಶ್ನೆಗೆ ಉತ್ತರಿಸುವುದಾದರೋ ಕೈಯಲ್ಲೇ ಇದೆ. ಹಾಗಾಗಿ ಮೊದಲ ಗುರಿ ಅದೇ ಆಯಿತು: ಯಾರೇ ಕೇಳಿದರೂ ಅದೇ ದಿನ ರಾತ್ರಿ ಒಂಬತ್ತರೊಳಗೆ ಅವರ ಭಾಷೆಯಲ್ಲೇ ಉತ್ತರ. ವಾರದಲ್ಲಿ ಯಾವ ದಿನ ಯಾರು ಎಂದು ಹೆಸರು ಬರೆದೆವು.

ಎರಡನೆಯ ಲೆಕ್ಕ ತೋಡಿನ ಬಳಿಯದು. ಡಿಸೆಂಬರಿನ ನಾಲ್ಕು ಆದಿತ್ಯವಾರ ನಾಲ್ಕು ಕಟ್ಟ. ಒಂದೊಂದಕ್ಕೂ ತಂಡದ ಹೊರಗಿನ ಹದಿನೈದು ಮಂದಿ ಬರಬೇಕು, ಒಟ್ಟು ಅರವತ್ತು. ಅವರಲ್ಲಿ ಇಪ್ಪತ್ತು ಮಂದಿಯಾದರೂ ಮೊದಲ ಬಾರಿ ಬರುವವರಾಗಿರಬೇಕು. ಅವಧಿಯನ್ನು ನಾವು ಯೋಚಿಸಿ ಇಡಬೇಕಾಗಿರಲಿಲ್ಲ. ಬೇಗ ಕಟ್ಟಿದರೆ ತುಲಾಮಳೆಯ (ಹಿಂಗಾರು ಮಳೆಯ) ನೀರು ಕೊಚ್ಚಿಕೊಂಡು ಹೋಗುತ್ತದೆ, ತಡವಾದರೆ ತಡೆಯಲು ನೀರೇ ಇರುವುದಿಲ್ಲ.

ಭಾಷೆಯ ಮಾತು ಬಂದಾಗ ಚರ್ಚೆ ಬಿಸಿಯಾಯಿತು. ನಮ್ಮ ಪುಟ ಪೂರ್ತಿ ಕನ್ನಡದಲ್ಲಿತ್ತು. ಗಡಿನಾಡಿನಲ್ಲಿ ಕನ್ನಡ ಉಳಿಯಬೇಕೆಂದು ಬದುಕಿಡೀ ದುಡಿದವಳು ನಾನು. 1956ರ ನವೆಂಬರ್ 1ರಂದು ಈ ನೆಲ ಕೇರಳಕ್ಕೆ ಸೇರಿದ ನೋವಿನ ಮಾತು ಕೇಳುತ್ತಲೇ ಬೆಳೆದವಳು. ಹಾಗಾಗಿ ಕನ್ನಡವನ್ನು ಬಿಡುವ ಮಾತು ಬಂದರೆ ನನಗೆ ತಡೆಯಲಾಗದು. ಆದರೆ ತೋಡಿನ ಆಚೆ ದಡದಲ್ಲಿ ಮಲಯಾಳ ಓದುವ ಮನೆಗಳಿವೆ. ಈಚೆ ದಡದ ತುಳು ಮನೆಗಳ ಹುಡುಗರು ಮಲಯಾಳ ಅಥವಾ ಇಂಗ್ಲಿಷ್ ಮಾಧ್ಯಮದಲ್ಲಿ ಕಲಿತವರು, ಕನ್ನಡ ಮಾತನಾಡುತ್ತಾರೆ, ಓದಲು ತಡವರಿಸುತ್ತಾರೆ. ಆ ಹುಡುಗಿಯೇ ದಾರಿ ತೋರಿಸಿದಳು. "ಕನ್ನಡದಲ್ಲಿ ಬರೆಯುವುದು ಇರಲಿ ಟೀಚರ್, ಮಲಯಾಳದಲ್ಲೂ ಬರೆಯುವ. ತುಳುವಿನಲ್ಲಿ ಬರೆಯುವುದು ಬೇಡ, ಮಾತನಾಡಿ ಕಳುಹಿಸುವ." ಅರ್ಧ ನಿಮಿಷದ ಧ್ವನಿ ಸಂದೇಶ. ಅದನ್ನು ಕೇರಳದ ಮಹಿಳಾ ಸ್ವಸಹಾಯ ಸಂಘಟನೆಯಾದ ಕುಟುಂಬಶ್ರೀಯ ಘಟಕಗಳ ವಾಟ್ಸ್ಆ್ಯಪ್ ಗುಂಪುಗಳಿಗೆ ಅಲ್ಲಿನ ಹೆಂಗಸರ ಮೂಲಕವೇ ಕಳುಹಿಸುವುದು ಎಂದಾಯಿತು. ಒಂದೇ ಸಂದೇಶವನ್ನು ನೂರು ಕಡೆಗೆ ಫಾರ್ವರ್ಡ್ ಮಾಡುವುದು ಹೇಗೂ ಆಗದು. 2018ರಿಂದಲೇ ಒಮ್ಮೆಗೆ ಐದು ಕಡೆಗೆ ಮಾತ್ರ; ಬಹಳ ಸಲ ಫಾರ್ವರ್ಡ್ ಆದದ್ದಾದರೆ 2020ರಿಂದ ಒಂದೇ ಕಡೆಗೆ. ಆ ಮಿತಿ ನಮಗೆ ಒಳ್ಳೆಯದೇ ಆಯಿತು. ಪ್ರತಿಯೊಬ್ಬರೂ ತಮಗೆ ಗೊತ್ತಿರುವ ಹತ್ತು ಮಂದಿಗೆ ಹೆಸರು ಹಿಡಿದು ತಾವೇ ಬರೆಯಬೇಕು ಅಥವಾ ಫೋನ್ ಮಾಡಬೇಕು ಎಂದು ಗುರಿ ಇಟ್ಟೆವು.

ಬೆಂಗಳೂರಿನಲ್ಲಿ, ದುಬೈಯಲ್ಲಿ ಕುಳಿತು ನಮ್ಮ ಪುಟ ನೋಡುವ ಊರಿನವರು ಮಣ್ಣು ಹೊರಲು ಬರಲಾರರು. ಅವರನ್ನು ಬನ್ನಿ ಬನ್ನಿ ಎಂದು ಕರೆಯುವುದು ವ್ಯರ್ಥ. ನಾಲ್ಕು ಕಟ್ಟಗಳ ಪ್ಲಾಸ್ಟಿಕ್ ಹಾಳೆಯ ಖರ್ಚನ್ನು ಅವರಿಂದ ಕೇಳುವುದು, ಡಿಸೆಂಬರ್ 10ರೊಳಗೆ ಅದು ಕೂಡಬೇಕು. ಅದು ಐದೇ ದಿನದಲ್ಲಿ ಕೂಡಿತು, ಹೆಚ್ಚು ಹೇಳಬೇಕಾದದ್ದಿಲ್ಲ.

ಕೊನೆಯ ತೀರ್ಮಾನವನ್ನು ನಾನು ಹಟ ಹಿಡಿದು ಬರೆಸಿದೆ: ಯಾರೂ ವಾರಕ್ಕೆ ಎರಡು ಗಂಟೆಗಿಂತ ಹೆಚ್ಚು ಮೊಬೈಲ್ ಹಿಡಿದು ಕೂರಬಾರದು, ಪರೀಕ್ಷೆ ಇರುವವರಿಗೆ ಆ ವಾರ ರಜೆ. ಹೆಸರಿನ ಪಟ್ಟಿ ಇನ್ನು ಮುಂದೆ ಇಲ್ಲ. ಎಲ್ಲ ಗುರಿಗಳಿಗೂ ಐದೂ ಲಕ್ಷಣಗಳು ಇರಲೇಬೇಕೆಂದಿಲ್ಲ ಎಂದು ಡೋರನ್ ಅವರೇ ಬರೆದಿದ್ದರು. ಹುಡುಗರು ನಗುನಗುತ್ತಾ ಬರುತ್ತಿದ್ದಾರೆಯೇ ಎಂಬುದನ್ನು ಅಂಕಿಯಲ್ಲಿ ಹಿಡಿಯಲು ನಾನು ಹೋಗಲಿಲ್ಲ, ಕಣ್ಣಿನಲ್ಲಿ ನೋಡಿದರೆ ತಿಳಿಯುತ್ತದೆ.

ಮೊದಲ ಆದಿತ್ಯವಾರ ಬಂದವರು ಒಂಬತ್ತು. ಎರಡನೆಯದಕ್ಕೆ ಹದಿನಾಲ್ಕು. ಮೂರನೆಯ ವಾರ ಹತ್ತೊಂಬತ್ತು ಮಂದಿ ಇಳಿದು ಬರುವುದನ್ನು ಕಂಡಾಗ ನನ್ನ ಗಂಟಲು ಕಟ್ಟಿತು. ತೋಡಿಗೆ ಅಡ್ಡಲಾಗಿ ಎರಡು ಸಾಲು ಕಲ್ಲು, ನಡುವೆ ಮಣ್ಣು. ಅದನ್ನು ಕಾಲಿನಲ್ಲಿ ತುಳಿದು ತುಳಿದು ಗಟ್ಟಿ ಮಾಡುತ್ತಿದ್ದವರಲ್ಲಿ ಆಚೆ ದಡದ ಮೂವರು ಹುಡುಗರು, ಇಬ್ಬರು ಕುಟುಂಬಶ್ರೀಯ ಅಕ್ಕಂದಿರು ಇದ್ದರು. ನೀರು ಬರುವ ಬದಿಗೆ ಹಾಳೆ ಹಾಸಿ, ಅದರ ಅಂಚನ್ನು ತೋಡಿನ ತಳದ ಕೆಸರಿನಲ್ಲಿ ಹೂತು, ಮೇಲೆ ಕಲ್ಲು ಹೇರಿದೆವು. ಮೊದಲು ಅಲ್ಲಲ್ಲಿ ಜಿನುಗಿತು. ಅಣ್ಣ ಮುಷ್ಟಿ ಮುಷ್ಟಿ ಜೇಡಿಮಣ್ಣು ಮೆತ್ತಿದರು. ಗಂಜಿ ಊಟ ಮುಗಿಸಿ ಬಂದು ನೋಡುವಾಗ ನೀರು ಕೆಳಗಿನ ಎರಡು ವರಸೆ ಕಲ್ಲುಗಳನ್ನು ಮುಚ್ಚಿತ್ತು, ಮೂರನೆಯದರ ಅಂಚಿನಲ್ಲಿ ಒಂದು ಅಡಿಕೆ ಹಾಳೆ ತೇಲುತ್ತಾ ನಿಂತಿತ್ತು.

ಬಂದವರನ್ನೆಲ್ಲ ಆ ಹುಡುಗಿ ಕೇಳುತ್ತಿದ್ದಳು, "ಯಾರು ಹೇಳಿ ಬಂದಿರಿ?" ಅದೇ ಗೆರೆ ಪುಸ್ತಕದ ಉಳಿದ ಹಾಳೆಗಳಲ್ಲಿ ಬರೆಯುತ್ತಿದ್ದಳು. ಪೋಸ್ಟ್ ಹಾಕುವ ಕೆಲಸಕ್ಕೆ ಅವಳು ಮರಳಲಿಲ್ಲ, ಉತ್ತರಿಸುವುದನ್ನು ಮಾತ್ರ ವಹಿಸಿಕೊಂಡಳು. ತಿಂಗಳ ಲೆಕ್ಕ ನೋಡಿದರೆ ಬಂದದ್ದು ಐವತ್ತು ಮಂದಿ: ಹೆಸರು ಹಿಡಿದು ಕರೆದದ್ದಕ್ಕೆ ಇಪ್ಪತ್ತೊಂದು, ತುಳು ಧ್ವನಿ ಕೇಳಿ ಹದಿನಾರು, ಜೊತೆಯವರ ಸಂಗಡ ಒಂಬತ್ತು, ಫೇಸ್‌ಬುಕ್ ನೋಡಿ ನಾಲ್ಕು. ಮೊದಲ ಬಾರಿ ಬಂದವರು ಇಪ್ಪತ್ತಮೂರು. ಅರವತ್ತರ ಗುರಿಗೆ ಹತ್ತು ಕಡಿಮೆ.

ಕಡಿಮೆಯಾದದ್ದು ಹೆಚ್ಚಾಗಿ ನಾಲ್ಕನೆಯ ವಾರ. ಆ ದಿನ ಬಂದವರು ಎಂಟೇ ಮಂದಿ. ಸಂಜೆ ಕೈಕಾಲು ತೊಳೆಯುತ್ತಾ ನಮ್ಮ ಹುಡುಗನೊಬ್ಬ, "ಟೀಚರ್, ನಮ್ಮವರು ಏಳು ಮಂದಿ ಇದ್ದೇವಲ್ಲ, ಸೇರಿಸಿದರೆ ಸರಿಯಾಗಿ ಹದಿನೈದಾಗುತ್ತದೆ" ಎಂದ. ನಾನು ಆ ಹುಡುಗಿಯ ಮುಖ ನೋಡಿದೆ. ಅವಳು ಆಗಲೇ 8 ಎಂದು ಬರೆದು ಆಗಿತ್ತು. ಕೆಳಗಿನ ಗೆರೆಯಲ್ಲಿ ಇನ್ನೊಂದು ಸಾಲು: "ಪಕ್ಕದ ಊರಿನಲ್ಲಿ ಜಾತ್ರೆ ಇತ್ತು. ಮುಂದಿನ ವರ್ಷ ದಿನ ನಿಶ್ಚಯಿಸುವ ಮೊದಲು ಅಲ್ಲಿಯವರನ್ನು ಕೇಳಬೇಕು."